ಗೆದ್ದ ಮೇಲೆ ಊಟ

ಗಾಲ್ಫ್ ಎಂಬ ಆಟವೊಂದು ಇದೆ ಎಂದು ನನಗೆ ತಿಳಿದದ್ದು ಬಾಗಲಕೋಟೆಯ ಒಂದು ದವಾಖಾನೆಯಲ್ಲಿ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೇ ಸೊಸೆಯಾಗಿ ಬಂದು, ಐವತ್ತು ವರ್ಷ ಎಳೆಗಳ ನಡುವೆ ಕಳೆದವಳಿಗೆ ಅದು ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ನನ್ನ ಗಂಡನಿಗೆ ಲಕ್ವಾ ಹೊಡೆದು ಹದಿನೆಂಟು ದಿನವಾಗಿತ್ತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂದಿತ್ತು. ಮಾತು ತೊದಲಿದರೂ ತಿಳಿಯುತ್ತಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದುಕೊಂಡಿರುತ್ತಿತ್ತು, ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ.

ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಇದ್ದಳು. ನನ್ನ ಮಗಳಿಗಿಂತ ಸಣ್ಣವಳು, ಆದರೂ ನಾವು ಅವಳನ್ನು ಡಾಕ್ಟರ್ ಬಾಯಾರೆಂದೇ ಕರೆಯುತ್ತಿದ್ದೆವು. ಅವಳು ಮೊದಲು ಇವರ ಕೈಗೆ ರಬ್ಬರಿನ ಚೆಂಡು ಕೊಟ್ಟು ಹಿಚುಕಿರಿ ಅಂದಳು. ಇವರು ಅದನ್ನು ಎಡಗೈಯಿಂದ ತೆಗೆದು ಕಿಟಕಿಯಾಚೆ ಒಗೆದರು.

"ನಾ ಏನ್ ಕೂಸು ಏನ್ರಿ, ಚೆಂಡ ಆಡಾಕ?"

ಆಕೆ ಸಿಟ್ಟಾಗಲಿಲ್ಲ. ನನ್ನ ಕೈಯಿಂದ ಫೋನು ಇಸಿದುಕೊಂಡು ಏನೋ ಒತ್ತಿ, ಒಂದು ಆಟ ಇಳಿಸಿ, ಇವರ ತೊಡೆಯ ಮೇಲಿಟ್ಟಳು. ಹಸಿರು ಹುಲ್ಲು, ದೂರದಲ್ಲಿ ಒಂದು ಬಾವುಟ, ಬಾವುಟದ ಬುಡದಲ್ಲಿ ತೂತು, ಇತ್ತ ಒಂದು ಬಿಳಿ ಚೆಂಡು. ಹೆಬ್ಬೆರಳಿನಿಂದ ಚೆಂಡನ್ನು ಹಿಂದಕ್ಕೆ ಎಳೆಯಬೇಕು. ಆಗ ಒಂದು ಮುಳ್ಳು ಅತ್ತಿತ್ತ ಓಡಾಡುತ್ತದೆ. ಅದು ನಡುಗೆರೆಗೆ ಬಂದ ಕ್ಷಣ ಬೆರಳು ಎತ್ತಬೇಕು. ಎದುರಾಳಿ ಯಾವುದೋ ದೇಶದಲ್ಲಿ ತನ್ನ ಫೋನು ಹಿಡಿದು ಕುಳಿತಿರುತ್ತಾನೆ. ಕಡಿಮೆ ಹೊಡೆತದಲ್ಲಿ ತೂತಿಗೆ ಹಾಕಿದವರು ಗೆದ್ದಂತೆ.

"ಕಾಕಾ, ಮುಷ್ಟಿ ಹಿಡಿಯೂದು ಲಗೂನ ಬರತೈತ್ರಿ. ಬಿಡೂದೇ ಕಷ್ಟ," ಅಂದಳು ಆಕೆ. "ಈ ಆಟದಾಗ ಎಳೀಬೇಕು, ಬಿಡಬೇಕು. ಆದ್ರ ಬಲಗೈಲೆ ಆಡ್ರಿ. ಮೊದಲಿನ ಆರು ತಿಂಗಳು ಭಾಳ ಮುಖ್ಯ. ಆಮ್ಯಾಲೆ ಕೈ ನಿಮ್ಮ ಮಾತು ಕೇಳಂಗಿಲ್ಲ."

ಆರು ತಿಂಗಳು ಎಂಬ ಮಾತನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳಂತೆ ಇಳಕಲ್ಲಿಗೆ ತಂದೆ. ಆ ಕೈ ನಮಗೆ ಏನಾಗಿತ್ತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಸೀರೆಯ ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಹಾಸೂ, ಅಂದರೆ ಮಗ್ಗಕ್ಕೆ ಬಿಗಿಯುವ ಉದ್ದದ ಎಳೆಗಳೂ, ಬೇರೆ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು, ಸಾವಿರಗಟ್ಟಲೆ ಎಳೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ನಾನು ಈ ಕಡೆ ಕುಳಿತು ಎಳೆ ಆರಿಸಿ ಮುಂದೆ ಹಿಡಿಯಬೇಕು, ಅವರು ಆ ಕಡೆ ಕುಳಿತು ಹೆಬ್ಬೆರಳು ತೋರುಬೆರಳಿನ ನಡುವೆ ಕೊಂಡಿ ಹಾಕಬೇಕು. ಮೂವತ್ತು ವರ್ಷ ನಾವು ಹೀಗೆ ಎದುರುಬದುರು ಕುಳಿತಿದ್ದೆವು. ಜಗಳವಾಡಿದ ದಿನವೂ ಕುಳಿತಿದ್ದೆವು, ಯಾಕೆಂದರೆ ಎಳೆಗೆ ನಮ್ಮ ಜಗಳ ಗೊತ್ತಿಲ್ಲ.

ಶ್ರಾವಣದ ಆ ಮುಂಜಾನೆಯೂ ಹಾಗೇ ಕುಳಿತಿದ್ದೆವು. ಅರ್ಧ ಕೊಂಡಿ ಮುಗಿದಿತ್ತು. "ಎಳಿ ಹಿಡಿ," ಅಂದರು. ಹಿಡಿದೆ. ಅವರ ಕೈ ಬರಲಿಲ್ಲ. "ಹಿಡಿದೇನಿ, ತಗೋರಿ," ಎಂದು ತಲೆ ಎತ್ತಿ ನೋಡಿದರೆ ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಆ ಹಾಸು ಹಾಗೇ ಮಗ್ಗದ ಮೇಲೆ ಉಳಿಯಿತು, ಅರ್ಧ ಕೂಡಿದ್ದು, ಅರ್ಧ ಜೋತು ಬಿದ್ದದ್ದು. ಕರೆದಿದ್ದರೆ ಬೇರೆ ಯಾರಾದರೂ ಬಂದು ಮುಗಿಸುತ್ತಿದ್ದರು. ನಾನು ಯಾರಿಗೂ ಮುಟ್ಟಗೊಡಲಿಲ್ಲ.

ನಮ್ಮ ಮಗ್ಗ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವುದು. ಪಕ್ಕದ ಪಾಲಿನಲ್ಲಿ ಇವರ ಅಣ್ಣ, ಅಂದರೆ ನನ್ನ ಭಾವ, ಕರೆಂಟಿನ ಮಗ್ಗ ನಡೆಸುತ್ತಾರೆ. ಅವರಿಗೆ ಜಾಗ ಸಾಲದು. ದವಾಖಾನೆಯಿಂದ ಬಂದ ವಾರಕ್ಕೆ ಅವರು ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದರು.

"ಸಂಕ್ರಾಂತಿ ತನಕ ನೋಡೂಣವ್ವಾ. ಕೈ ಬಂತಂದ್ರ ದೇವರು ದೊಡ್ಡಾಂವ. ಬರಲಿಲ್ಲಂದ್ರ ಕುಣಿ ಮುಚ್ಚೂಣು. ನಾ ಕಟುಕ ಅಲ್ಲ. ಖಾಲಿ ಕುಣಿ ನೋಡಿಕೋತ ಕುಂತ್ರ ಅಂವಾ ಇನ್ನಷ್ಟು ಕುಸೀತಾನ."

ಅವರು ಕೆಟ್ಟವರಲ್ಲ. ಆದರೂ ಆ ದಿನ ಅವರಿಗೆ ಚಹಾ ಸಹ ಕೇಳಲಿಲ್ಲ ನಾನು.

ಅಂದಿನಿಂದ ಆಟ ಶುರುವಾಯಿತು. ಹೆಬ್ಬೆರಳು ಅರ್ಧ ದಾರಿ ಎಳೆಯುವಷ್ಟರಲ್ಲಿ ನಡುಗಿ ನಿಲ್ಲುತ್ತಿತ್ತು. ಬೆರಳು ಎತ್ತಲು ಹೋದರೆ ಇಡೀ ಕೈ ಏಳುತ್ತಿತ್ತು. ಎಳೆಯುವುದು, ಬಿಡುವುದು ಅವರ ಪಾಲು. ಚೆಂಡು ಹೊಡೆಯುವ ಕೋಲು ಆರಿಸುವುದು ತಾನಾಗಿ ನನ್ನ ಪಾಲಿಗೆ ಬಂತು, ಎಳೆ ಆರಿಸಿ ಕೊಡುತ್ತಿದ್ದವಳು ನಾನೇ ತಾನೆ. ಕೋಲುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತಲಿಲ್ಲ. ಉದ್ದಂದು, ನಡುವಿಂದು, ಗಿಡ್ಡದು, ಹುಲ್ಲಿಂದು, ಉಸುಕಿಂದು ಎಂದು ನಾವೇ ಹೆಸರಿಟ್ಟೆವು. ಚೆಂಡು ದೊಡ್ಡ ಹುಲ್ಲಿಗೆ ಬಿದ್ದರೆ ಹುಲ್ಲಿಂದು, ಉಸುಕಿನ ತಗ್ಗಿಗೆ ಬಿದ್ದರೆ ಉಸುಕಿಂದು. ಅಷ್ಟು ಸರಳ ಅಂದುಕೊಂಡೆ.

ಎಲ್ಲಿಯ ಸರಳ! ಒಂದೊಂದು ಕೋಲಿಗೂ ಪಟ್ಟಿಗಳಿದ್ದವು. ಇದರ ಜೋರು ಇಷ್ಟು, ನೇರ ಇಷ್ಟು, ಚೆಂಡನ್ನು ತಿರುಗಿಸುವ ತಿರುಗಣಿ ಇಷ್ಟು. ನಾನು ಮೊದಲ ವಾರ ಜೋರಿನ ಪಟ್ಟಿ ಒಂದನ್ನೇ ನೋಡಿ ಆರಿಸಿದೆ. ಚೆಂಡು ಬಾವುಟದ ನೆತ್ತಿಯ ಮೇಲಿಂದ ಹಾರಿ ಕೆರೆಗೆ ಬೀಳುತ್ತಿತ್ತು. "ಹಾಳಾಗಿ ಹೋಗ!" ಎಂದು ಫೋನನ್ನು ಬೈದೆ. ಜೋರಿದ್ದ ಕೋಲು ನಿಲ್ಲುವುದಿಲ್ಲ, ನಿಲ್ಲುವ ಕೋಲು ಮುಟ್ಟುವುದಿಲ್ಲ. ಇವರ ಬೆರಳು ಎಳೆಯುವುದು ಅರ್ಧ ಮಾತ್ರ. ಹಾಗಾಗಿ ದಾರಿಗೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಉದ್ದದ ಕೋಲು ಕೊಡಬೇಕು. ಅರ್ಧ ಎಳೆತಕ್ಕೆ ಅದು ಬಾವುಟದ ತನಕ ಹೋಗುತ್ತದೆ. ಬಿದ್ದ ಮೇಲೆ ಓಡಿ ಕೆರೆಗೆ ಹೋಗದಂತೆ ತಡೆಯುವುದು ತಿರುಗಣಿಯ ಕೆಲಸ.

ತಿರುಗಣಿ ಇಡುವುದಕ್ಕೆ ಚೆಂಡಿನ ಚಿತ್ರದ ಮೇಲೆ ಒಂದು ಕೆಂಪು ಚುಕ್ಕಿ ಇತ್ತು. ಚುಕ್ಕಿಯನ್ನು ಮೇಲೆ ಸರಿಸಿದರೆ ಚೆಂಡು ಬಿದ್ದಲ್ಲಿಂದ ಮುಂದೆ ಓಡುತ್ತದೆ. ಕೆಳಗೆ ಸರಿಸಿದರೆ ಬಿದ್ದು, ಕಚ್ಚಿ ಹಿಡಿದು, ಎರಡು ಹೆಜ್ಜೆ ಹಿಂದಕ್ಕೆ ಬರುತ್ತದೆ. ಎಡಬಲಕ್ಕೆ ಸರಿಸಿದರೆ ಆ ಕಡೆ ಬಾಗುತ್ತದೆ. ಗಾಳಿ ಬಲಕ್ಕೆ ತಳ್ಳುವಾಗ ಗುರಿಯನ್ನು ಎಡಕ್ಕೆ ಹಿಡಿಯಬೇಕು. ಇದೆಲ್ಲ ನನಗೆ ಒಂದು ತಿಂಗಳಲ್ಲಿ ಬಾಯಿಪಾಠವಾಯಿತು. ಚೆಂಡು ಹಿಂದಕ್ಕೆ ಉರುಳಿ ಬರುವುದನ್ನು ಮೊದಲ ಸಲ ನೋಡಿದಾಗ ಇವರು ಬಾಯಿ ಬಿಟ್ಟು ನಕ್ಕರು. ಲಕ್ವಾ ಹೊಡೆದ ಮೇಲೆ ನಾನು ಕಂಡ ಮೊದಲ ನಗೆ ಅದು, ಸೊಟ್ಟಗಿತ್ತು.

ದಸರೆಯ ಮುಂಚೆ ಒಂದು ದಿನ ಅವರು ಗೆದ್ದರು. ಬಲಗೈಯಿಂದ, ನನ್ನ ಕಣ್ಣೆದುರಿಗೆ. ಉದ್ದಂದು ಕೊಟ್ಟಿದ್ದೆ, ಚುಕ್ಕಿ ಪೂರ್ತಿ ಕೆಳಗೆ ಇಟ್ಟಿದ್ದೆ. ಬೆರಳು ಎಳೆಯಿತು, ನಿಂತಿತು, ಎದ್ದಿತು. ಬಿಟ್ಟಿತು! ಚೆಂಡು ತೂತಿನಾಚೆ ಬಿದ್ದು ಹಿಂದೆ ಉರುಳಿ ಒಳಗೆ ಹೋಯಿತು. ಎದುರಾಳಿ ಯಾವ ದೇಶದವನೋ ಪುಣ್ಯಾತ್ಮ, ಅವನಿಗೆ ಕೈ ಮುಗಿದು ಅತ್ತೆ. ಆ ಖುಷಿಯಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಈ ಜನ್ಮದಲ್ಲಿ ನನಗೆ ನಾನು ಮನ್ನಿಸಲಾರೆ.

ನಮ್ಮಲ್ಲಿ ಲಿಂಗಪೂಜೆಯಾಗದೆ ಯಾರೂ ಊಟ ಮಾಡುವುದಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸುವುದು. ಇವರ ಎಡಗೈ ಗಟ್ಟಿಯಿತ್ತು, ಲಿಂಗ ಅಲ್ಲಿಯೇ ಕೂರುತ್ತಿತ್ತು. ಬಲಗೈಯ ಕೆಲಸ ಮಾತ್ರ ನಾನು ಮಾಡುತ್ತಿದ್ದೆ. ಗೆದ್ದ ಮರುದಿನ ಪೂಜೆ ಮುಗಿಸಿ ಎದ್ದವಳು ಹೇಳಿಯೇಬಿಟ್ಟೆ.

"ಇನ್ ಮ್ಯಾಲೆ ಪೂಜಿ ಆಗಬೇಕು, ನಿಮ್ಮ ಬಲಗೈ ಒಂದು ಆಟ ಗೆಲ್ಲಬೇಕು, ಆಮ್ಯಾಲೆನೇ ನನ್ನ ಊಟ."

"ಹುಚ್ಚಿ ಅದಿ ಏನು?"

"ಹೂಂ, ಹುಚ್ಚೀನೇ ಅದೇನಿ. ಗೆಲ್ರಿ."

ಹರಕೆ ಹೊರುವ ರೂಢಿ ನಮ್ಮ ಮನೆತನದಲ್ಲಿಲ್ಲ. ಆದರೆ ಪೂಜೆಯ ನಂತರವೇ ಊಟ ಎಂಬ ರೂಢಿ ರಕ್ತದಲ್ಲೇ ಇದೆ. ಅದಕ್ಕೆ ಇನ್ನೊಂದು ಮೊಳ ಜೋಡಿಸಿದೆ, ಅಷ್ಟೇ ಅಂದುಕೊಂಡೆ. ಹೀಗೆ ಮಾಡಿದರೆ ಅವರಿಗೆ ಹಟ ಬರುತ್ತದೆ ಎಂಬ ಲೆಕ್ಕ ನನ್ನದು. ಮೊದಲ ದಿನ ಹೊತ್ತು ನೆತ್ತಿಗೆ ಬಂದಾಗ ಗೆದ್ದರು. ಎರಡನೆಯ ದಿನ ಗೆಲ್ಲಲಿಲ್ಲ, ನಾನು ನೀರು ಕುಡಿದು ಕುಳಿತೆ. ಮೂರನೆಯ ದಿನ ಸಂಜೆ ಗೆದ್ದರು. ನಂತರ ಎರಡು ದಿನ ಸೋಲಿನ ಮೇಲೆ ಸೋಲು. ಆರನೆಯ ದಿನ ನೂಲು ಸುತ್ತುವ ರಾಟಿ ತಿರುಗಿಸುತ್ತಿದ್ದವಳು ಕಣ್ಣು ಕತ್ತಲಿಟ್ಟು ಅಲ್ಲೇ ಉರುಳಿದೆ. ಎಚ್ಚರವಾದಾಗ ಇವರು ಮಂಚದಿಂದ ಕೆಳಗೆ ಬಿದ್ದು, ತೆವಳಿಕೊಂಡು ನನ್ನ ಹತ್ತಿರ ಬಂದು, ಎಡಗೈಯಿಂದ ನನ್ನ ಕೆನ್ನೆ ತಟ್ಟುತ್ತಿದ್ದರು. ಭಾವ ಓಡಿ ಬಂದು ಇಬ್ಬರನ್ನೂ ಎಬ್ಬಿಸಿದರು.

"ಉಣ್ಣು," ಅಂದರು ಇವರು.

"ಗೆಲ್ರಿ," ಅಂದೆ ನಾನು.

ಅವರು ನನ್ನನ್ನು ನೋಡಿದ ಆ ನೋಟವನ್ನು ನಾನು ಸಿಟ್ಟು ಎಂದುಕೊಂಡೆ.

ಮರುದಿನ ಪೂಜೆ ಮುಗಿದ ಮೇಲೆ ಹೇಳಿದರು, "ನೀ ಎದುರಿಗೆ ಕುಂತ್ರ ನನ್ನ ಕೈ ನಡಗತೈತಿ. ಅಡಗಿಮನಿಗೆ ಹೋಗು. ಅಲ್ಲಿಂದ ಕೋಲು ಹೇಳು, ನಾ ಹೊಡೀತೇನಿ." ಖರೆ ಅನ್ನಿಸಿತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಕಿವಿ ಹೊರಗಿಟ್ಟೆ. "ನಡುವ ಕೆರಿ ಐತಿ, ಗಾಳಿ ಬಲಕ್ಕ," ಎಂದು ಅವರು ಕೂಗುವುದು. "ಉದ್ದಂದು ತಗೋರಿ, ಚುಕ್ಕಿ ಕೆಳಗ, ಗುರಿ ಎಡಕ್ಕ!" ಎಂದು ನಾನು ಕೂಗುವುದು. ಚೆಂಡು ತೂತಿಗೆ ಬೀಳುವ ಸದ್ದು ಅಡಿಗೆಮನೆಗೂ ಕೇಳುತ್ತಿತ್ತು. "ಬಿತ್ತು!" ಎಂದು ಅವರು ಕೂಗಿದರು. ಆ ದಿನ ಮೊದಲ ಆಟಕ್ಕೇ ಗೆದ್ದರು.

ಅಲ್ಲಿಂದ ಮುಂದೆ ದಿನಾ ಗೆಲುವು. ಪಕ್ಕದ ಮನೆಯವರು ನಮ್ಮ ಕೂಗಾಟ ಕೇಳಿ ನಗುತ್ತಿದ್ದರು. "ಏನ್ರಿ ಅಕ್ಕಾರ, ಗಂಡನ್ನ ಒಲಿ ಮುಂದಿಂದನೇ ಆಡಸ್ತೀರಲ್ಲ," ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಬಿಸಿ ರೊಟ್ಟಿ ಹಾಕಿಕೊಂಡು ಗಂಡನ ಮುಂದೆಯೇ ಕುಳಿತು ಉಣ್ಣುತ್ತಿದ್ದೆ. ಅವರು ಫೋನು ಕೆಳಗಿಟ್ಟು, ನಾನು ಉಣ್ಣುವುದನ್ನೇ ನೋಡುತ್ತಿದ್ದರು.

ವಾರಕ್ಕೊಮ್ಮೆ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಹೋಗುತ್ತಿದ್ದೆವು. ಬಸ್ಸು ಹತ್ತಿಸುವುದು, ಇಳಿಸುವುದು ನನ್ನ ಸೊಂಟ ಮುರಿಯುವ ಕೆಲಸ. ಫೋನಿನಲ್ಲಿ ಡಾಕ್ಟರ್ ಬಾಯಾರಿಗೆ ಹೇಳಿದೆ, "ದಿನಾ ಗೆಲ್ತಾರ್ರಿ. ಬರಬೇಕೇನ್ರಿ?" ಅವಳಿಗೂ ಖುಷಿಯಾಯಿತು. "ಅಷ್ಟು ಛಲೋ ನಡೆದ್ರ ತಿಂಗಳಿಗೊಮ್ಮೆ ಬರ್ರಿ ಕಾಕು," ಅಂದಳು. ಆ ತಿಂಗಳಿಗೊಮ್ಮೆಯನ್ನೂ ನಾನು ತಪ್ಪಿಸಿದೆ. ಗೆಲ್ಲುವ ಕೈಗೆ ದವಾಖಾನೆ ಯಾಕೆ? ಎಣ್ಣೆ ಹಚ್ಚುವಾಗ ಅವರ ಹೆಬ್ಬೆರಳು ಅಂಗೈಯೊಳಗೆ ಗಟ್ಟಿಯಾಗಿ ಮಡಚಿಕೊಳ್ಳುತ್ತಿತ್ತು. ಬಿಡಿಸಲು ನಾನು ಜೋರು ಹಾಕಬೇಕಾಗುತ್ತಿತ್ತು. "ನೋಡ್ರಿ, ಎಂಥಾ ಶಕ್ತಿ ಬಂದೈತಿ!" ಎಂದು ಕುಣಿದಾಡಿದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಪೂಜೆ ಮುಗಿಸಿ ನಾನು ಹಿಟ್ಟು ನಾದಲು ಹೋದೆ. "ದಿಬ್ಬದ ಮ್ಯಾಲೆ ಐತಿ ಬಾವುಟ," ಎಂದು ಕೂಗಿದರು. "ಗಿಡ್ಡದು ತಗೋರಿ, ಚುಕ್ಕಿ ಕೆಳಗ," ಎಂದೆ. "ಬಿತ್ತು!" ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದು, ಹೇಗೆ ಬಿತ್ತು ನೋಡೋಣ ಎಂದು ಫೋನು ಎತ್ತಿಕೊಂಡೆ. ಗಾಜಿನ ಮೇಲೆ ನಡುವಿನಿಂದ ಕೆಳಗಿನ ತನಕ ಹೆಬ್ಬೆರಳಿನ ಅಗಲದ ಒಂದು ಬಿಳಿ ಗೆರೆ ಇತ್ತು. ವಿಭೂತಿ. ಸೆರಗಿನಿಂದ ಒರೆಸಲು ಹೋದವಳು ಅಲ್ಲೇ ನಿಂತೆ.

ಪೂಜೆಯಲ್ಲಿ ಅವರ ಬಲಗೈ ವಿಭೂತಿ ಮುಟ್ಟುವುದೇ ಇಲ್ಲ. ಏರಿಸುವವಳು ನಾನು. ಲಿಂಗದ ಮೇಲಿಂದ ಇಳಿದ ವಿಭೂತಿ ನೀರು ಒದ್ದೆ ಮಾಡುವುದು ಅವರ ಎಡಗೈಯನ್ನು. ತೊಡೆಯ ಮೇಲಿನ ಟವೆಲಿನ ಕೆಳಗಿನಿಂದ ಬಲಗೈ ಎತ್ತಿ ನೋಡಿದೆ. ಒಣಗಿತ್ತು, ಶುಭ್ರವಾಗಿತ್ತು, ಹೆಬ್ಬೆರಳು ಮಡಚಿತ್ತು.

"ಯಾವ ಕೈಲೆ ಹೊಡದ್ರಿ?"

ಅವರು ಎಡಗೈಯನ್ನು ಬೆನ್ನ ಹಿಂದೆ ಸರಿಸಿದರು.

"ನಾ ಕೇಳಾಕತ್ತೇನಿ. ಯಾವ ಕೈಲೆ?"

ಎಡಗೈ ಮೆಲ್ಲಗೆ ಎತ್ತಿದರು. ಹೆಬ್ಬೆರಳ ತುದಿ ಬಿಳಿಯಾಗಿತ್ತು.

"ಎಂದಿನಿಂದ?"

"ನೀ ಬಿದ್ದಿ ನೋಡು... ಅದರ ಮರುದಿನದಿಂದ."

ಮೂರು ತಿಂಗಳು! ನನ್ನ ಬಾಯಿಗೆ ಆ ದಿನ ಹಿಡಿತವಿರಲಿಲ್ಲ. "ನಿಮ್ಮ ಸುಳ್ಳಿಗೆ ಬೆಂಕಿ ಹತ್ತಲಿ! ಲಿಂಗಾ ಹಿಡಿಯೋ ಕೈಲೆ ಸುಳ್ಳ ಆಡಿದ್ರೇನು? ನನ್ನ ಕೂಡ? ಒಲಿ ಮುಂದ ಕುಂತು ನಾ ಗಂಟಲ ಹರಕೊಂಡು ಕೋಲು ಹೇಳಿದ್ದು ಯಾತಕ್ಕ?" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ತೊದಲುತ್ತ, ಒಂದೊಂದೇ ಮಾತು ಹೊರಗೆ ಹಾಕಿದರು.

"ಲಿಂಗಕ್ಕ ಗೊತ್ತಿತ್ತು. ಕೈ ಹೋದ್ರ ಹೋಗಲಿ. ನೀ ಉಣಬೇಕಾಗಿತ್ತು."

ನಾನು ಅವರ ಬಲಗೈಯನ್ನು ಹಿಡಿದು ಅಲ್ಲೇ ಕುಳಿತೆ. ಒಲೆಯ ಮೇಲೆ ಹಂಚು ಕಾಯ್ದು ಹೊಗೆಯಾಡಿತು, ಏಳಲಿಲ್ಲ.

ಮರುದಿನವೇ ಬಾಗಲಕೋಟೆಗೆ ಕರೆದುಕೊಂಡು ಹೋದೆ. ವ್ಯಾಯಾಮದ ಹುಡುಗಿ ಹೆಬ್ಬೆರಳನ್ನು ಬಿಡಿಸಲು ನೋಡಿದಳು. ಅದು ಅರ್ಧಕ್ಕೆ ನಿಂತಿತು. ಇವರು ಹಲ್ಲು ಕಚ್ಚಿದರು.

"ಇದು ಶಕ್ತಿ ಅಲ್ರಿ ಕಾಕು. ಬಿಗಿತ. ದಿನಾ ಗೆಲ್ತಾರ ಅಂದಿದ್ರಲ್ಲ?"

ನಡೆದದ್ದನ್ನೆಲ್ಲ ಹೇಳಿದೆ, ನನ್ನ ಊಟದ ಮಾತನ್ನೂ ಬಿಡದೆ. ಆಕೆ ಇವರ ಹೆಬ್ಬೆರಳನ್ನು ಮತ್ತೆ ಕೈಗೆ ತೆಗೆದುಕೊಂಡಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಆ ಮೂರು ತಿಂಗಳು ನಮಗ ಸಿಗಬೇಕಾಗಿತ್ತು ರೀ."

"ಇನ್ನ ಆಗೂದಿಲ್ಲೇನ್ರಿ?"

"ಆಗೂದಿಲ್ಲ ಅಂತ ನಾ ಅನ್ನಂಗಿಲ್ಲ. ದಿನಾ ಮಾಡಸ್ರಿ. ಚಮಚ ಹಿಡೀಬಹುದು. ಗುಂಡಿ ಹಾಕೋಬಹುದು." ಇವರ ಕೈಯನ್ನು ತೊಡೆಯ ಮೇಲೆ ಇಟ್ಟು ಹೇಳಿದಳು, "ಎಳಿ ಹಿಡಿಯೂದು ಕಷ್ಟ ಐತಿ."

ವಾಪಸು ಬರುವಾಗ ಬಸ್ಸಿನಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಒದ್ದಾಡಿದೆ. ಅವರ ಮೇಲೆ ಮಾಡಿಕೊಂಡರೆ, ನನ್ನ ಹೊಟ್ಟೆಗಾಗಿ ಕೈ ಕಳೆದುಕೊಂಡವರು ಅವರು. ನನ್ನ ಮೇಲೆ ಮಾಡಿಕೊಂಡರೆ, ಆ ಕೈಗಾಗಿಯೇ ಹೊಟ್ಟೆ ಕಟ್ಟಿದವಳು ನಾನು. ಎಷ್ಟು ದೂರಕ್ಕೆ ಯಾವ ಕೋಲು, ಎಷ್ಟು ಗಾಳಿಗೆ ಎಷ್ಟು ತಿರುಗಣಿ ಎಂದು ಅಷ್ಟೆಲ್ಲ ಕಲಿತವಳಿಗೆ ಎದುರಿಗೆ ಕುಳಿತ ಮನುಷ್ಯನ ನೋಟ ತಿಳಿಯಲಿಲ್ಲವಲ್ಲ. ಹುನಗುಂದದಲ್ಲಿ ಬಸ್ಸು ನಿಂತಾಗ ಇವರು ಎಡಗೈಯಿಂದ ಚಹಾದ ಕಪ್ಪು ನನ್ನ ಕಡೆ ಚಾಚಿದರು. ಇಸಿದುಕೊಂಡೆ, ಕುಡಿಯಲಾಗಲಿಲ್ಲ.

ಸಂಕ್ರಾಂತಿ ಕಳೆಯಿತು. ಭಾವ ಬಂದು ಬಾಗಿಲಲ್ಲಿ ನಿಂತು ಕುಣಿ ನೋಡಿದರು. ಹಾಗೆ ಒಂದು ವಾರ ದಿನಾ ಬಂದು ನಿಂತು ಹೋದರು. ಕೊನೆಗೆ ಇವರೇ ನನ್ನನ್ನು ಕರೆದು ಕತ್ತರಿ ತರಲು ಹೇಳಿದರು.

"ನೀನೇ ಕತ್ತರಸು. ಬ್ಯಾರೆಯವರು ಬ್ಯಾಡ."

ಅರ್ಧ ಕೂಡಿದ್ದ ಆ ಹಾಸನ್ನು ನಾನು ಕತ್ತರಿಸಿದೆ. ಎಳೆ ಬಿಗಿಯಾಗಿದ್ದವು, ಕತ್ತರಿ ಆಡಿದಲ್ಲೆಲ್ಲ ಸದ್ದು ಮಾಡುತ್ತ ಬಿಟ್ಟುಕೊಂಡವು. ಇವರು ಮಂಚದ ಮೇಲೆ ಕುಳಿತು ನೋಡುತ್ತಿದ್ದರು. ಮಧ್ಯಾಹ್ನ ಭಾವನ ಕಡೆಯವರು ಕುಣಿಗೆ ಗರಸು ಮಣ್ಣು ಸುರಿದರು, ಮೇಲೆ ಸಿಮೆಂಟು ಬಳಿದರು. ಮೂವತ್ತು ವರ್ಷ ಅವರ ಕಾಲು ಇಳಿಬಿಟ್ಟಿದ್ದ ಜಾಗ ಹೊತ್ತು ಮುಳುಗುವುದರೊಳಗೆ ನೆಲವಾಯಿತು. ನಾನು ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮರುದಿನ ಮುಂಜಾನೆ ಪೂಜೆ ಮುಗಿಯಿತು. ಅವರ ಎಡಗೈಯನ್ನು ತೊಳೆದು ಒರೆಸಿದೆ. ಆಮೇಲೆ ಫೋನು ಕೊಡಲಿಲ್ಲ. ಅಡಿಗೆಮನೆಯಿಂದ ನನ್ನ ತಾಟು ತಂದು ಅವರ ಎದುರಿಗೆ ಕುಳಿತೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಒಂದು ರೊಟ್ಟಿಯನ್ನು ಪೂರ್ತಿ ಉಂಡೆ. ತುತ್ತಿಗೊಮ್ಮೆ ನೀರು ಕುಡಿದು ಇಳಿಸಿದೆ. ಕಣ್ಣಿಂದ ಹನಿ ತಾಟಿಗೆ ಬೀಳುತ್ತಿದ್ದವು, ಬೀಳಲಿ ಎಂದು ಬಿಟ್ಟೆ.

"ಇನ್ ಮ್ಯಾಲೆ ನಾ ಮೊದಲ ಉಣತೇನಿ. ಆಮ್ಯಾಲೆ ನೀವು ಬಲಗೈಲೆ ಆಡ್ರಿ. ಸೋಲ್ರಿ. ದಿನಾ ಸೋಲ್ರಿ."

ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟೆ.

"ಯಾವ ಕೋಲು?" ಎಂದು ಕೇಳಿದರು.

"ಉದ್ದಂದು. ಚುಕ್ಕಿ ಕೆಳಗ."

ಬೆರಳು ಒಂದು ಜೋಳದ ಕಾಳಿನಷ್ಟು ಸರಿಯಿತು, ನಡುಗಿತು, ಏಳಲಿಲ್ಲ, ಪಕ್ಕಕ್ಕೆ ಜಾರಿತು. ಚೆಂಡು ನಾಲ್ಕು ಹೆಜ್ಜೆ ಹಾರಿ ಕೆರೆಗೆ ಬಿತ್ತು. ಅವರು ಫೋನು ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ಇನ್ನೊಂದು ರೊಟ್ಟಿ ಹಾಕಿಕೊಂಡೆ.